ಪದ ಬೇರೆ, ವಾಕ್ಯದ ಹಂದರ ಒಂದೇ

ಕೇಶಿರಾಜ 13ನೇ ಶತಮಾನದಲ್ಲಿ ರಚಿಸಿದ 'ಶಬ್ದಮಣಿದರ್ಪಣ'ದಲ್ಲಿ ಸಂಧಿಯಿಂದ ಅವ್ಯಯದವರೆಗೆ ಎಂಟು ಪ್ರಕರಣಗಳಿವೆ. ವಾಕ್ಯಕ್ಕೆಂದೇ ಮೀಸಲಾದ ಪ್ರಕರಣ ಅದರಲ್ಲಿಲ್ಲ. ನಮ್ಮ ಹಳೆಯ ವೈಯಾಕರಣರ ಗಮನವೆಲ್ಲ ಹೆಚ್ಚಾಗಿ ಪದದ ಮೇಲಿತ್ತು. ವಾಕ್ಯರಚನೆಯನ್ನೇ ಮುಖ್ಯವಾಗಿ ಅಭ್ಯಸಿಸುವ ವಿದ್ವಾಂಸರು ಬಂದದ್ದು ತೀರಾ ಈಚೆಗೆ. ಡಿ.ಎನ್. ಶಂಕರ ಭಟ್ಟರ 'ಕನ್ನಡ ವಾಕ್ಯಗಳು' ಪ್ರಕಟವಾದದ್ದು 1978ರಲ್ಲಿ.

ಈ ವಿದ್ಯೆಗೂ ಯಾದಗಿರಿ, ಶಹಾಪುರ, ಸುರಪುರಗಳಿಗೂ ಏನು ಸಂಬಂಧ? ಇಲ್ಲಿನ ಮುಸ್ಲಿಮರು ಮನೆಯಲ್ಲಿ ಆಡುವ ದಖನಿಯನ್ನು 'ಕೆಟ್ಟ ಉರ್ದು' ಎಂದು ಹೀಗಳೆಯುವವರಿದ್ದಾರೆ. ಅವರಿಗೆ ಉತ್ತರ ಇರುವುದು ವಾಕ್ಯದಲ್ಲಿಯೇ.

'ಬರುತ್ತೇನೆ ಅಂತ ಅವನು ಹೇಳಿದ' ಎಂಬ ಮಾತನ್ನು ಲಖನೌದವರು 'ಉಸ್‌ನೇ ಕಹಾ ಕೆ ಮೈಂ ಆವೂಂಗಾ' ಎನ್ನುತ್ತಾರೆ. ಹೇಳಿದ್ದು ಮೊದಲು, ಹೇಳಿದ ವಿಷಯ ಆಮೇಲೆ. ದಖನಿಯಲ್ಲಿ ಅದು 'ವೊ ಆತೂಂ ಬೋಲ್ಕೆ ಬೋಲ್ಯಾ'. ಕರ್ತೃವಿಗೆ ಅಂಟುವ 'ನೇ' ಬಿದ್ದುಹೋಗಿದೆ, ವಿಷಯ ಮುಂದೆ ಬಂದಿದೆ, 'ಬೋಲ್ಕೆ'ಯು ನಮ್ಮ 'ಅಂತ' ಮಾಡುವ ಕೆಲಸವನ್ನೇ ಮಾಡುತ್ತಿದೆ. ಪದಗಳು ಉರ್ದುವಿನವು, ಹಂದರ ಕನ್ನಡದ್ದು.

ಇಂಥದ್ದನ್ನೇ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕಂಡು 1971ರಲ್ಲಿ ಪ್ರಕಟಿಸಿದರು. ಅಲ್ಲಿ ಜೈನರ ಕನ್ನಡ, ಮುಸ್ಲಿಮರ ಉರ್ದು, ಇತರರ ಮರಾಠಿಗಳನ್ನು ಪದಕ್ಕೆ ಪದವಿಟ್ಟು ಒಂದರಿಂದ ಇನ್ನೊಂದಕ್ಕೆ ತರಬಹುದಿತ್ತು. ಬದಲಾದದ್ದು ಉರ್ದು ಒಂದೇ ಅಲ್ಲ. 'ಇದು ನಮ್ಮ ಮನೆ' ಎಂದು ಮುಗಿಯುವ ಕನ್ನಡ ವಾಕ್ಯದ ಕೊನೆಗೂ 'ಹೈ'ಯಂತೆ 'ಐತಿ' ಬಂದು ಕೂತಿತ್ತು.

ನಮ್ಮ ಸೀಮೆಯಲ್ಲಿ ಈ ಒಡನಾಟ ಹಳೆಯದು. ಶಹಾಪುರ ತಾಲೂಕಿನ ಗೋಗಿಯಲ್ಲಿ ಆದಿಲ್‌ಶಾಹಿಯ ಮೊದಲ ಅರಸರ ಸಮಾಧಿಗಳಿವೆ. ಅಲ್ಲಿ ಮಲಗಿರುವ ಒಂದನೇ ಇಬ್ರಾಹಿಂ (1534-1558) ಲೆಕ್ಕಪತ್ರಗಳಲ್ಲಿ ಪಾರ್ಸಿಯ ಬದಲು ಹಿಂದವಿಯನ್ನು ತಂದನೆಂದು ಚರಿತ್ರಕಾರ ಫಿರಿಶ್ತಾ ದಾಖಲಿಸಿದ್ದಾನೆ. ಮುಂದೆ ನಿಜಾಮರ ಆಡಳಿತದಲ್ಲಿ, 1948ರವರೆಗೂ, ಕಚೇರಿಯ ಉರ್ದು ಮತ್ತು ಸಂತೆಯ ಕನ್ನಡ ಒಂದೇ ಓಣಿಯಲ್ಲಿ ಬಾಳಿದವು.

ನೆರೆಮನೆಯವರು ಪರಸ್ಪರರ ಧರ್ಮವನ್ನು ಬದಲಿಸಲಿಲ್ಲ, ಭಾಷೆಯನ್ನು ಬಿಡಿಸಲಿಲ್ಲ. ಆದರೆ ಮಾತು ಕಟ್ಟುವ ರೀತಿಯನ್ನು ಹಂಚಿಕೊಂಡರು. ಇದು ಯಾವ ಫರ್ಮಾನಿನಿಂದಲೂ ಆದದ್ದಲ್ಲ. ಹೊಲ, ಅಂಗಡಿ, ಉರುಸು, ಜಾತ್ರೆಗಳಲ್ಲಿ ತಲೆಮಾರುಗಟ್ಟಲೆ ಆದದ್ದು. ಶಾಲೆಯಲ್ಲಿ ಮಗುವಿನ 'ಬೋಲ್ಕೆ'ಯನ್ನು ತಿದ್ದುವವರು ಗ್ರಂಥದ ಉರ್ದುವನ್ನು ಧಾರಾಳವಾಗಿ ಕಲಿಸಲಿ. ಮನೆಯ ಮಾತನ್ನು ತಪ್ಪೆಂದು ಮಾತ್ರ ಹೇಳದಿರಲಿ. ಆ ಒಂದು ಪದದಲ್ಲಿ ನೂರಾರು ವರ್ಷಗಳ ನೆರೆಹೊರೆ ಇದೆ.