ಗ್ವಾಂಗ್‌ಝೌ ಬಿಲ್ಲಿನಲ್ಲಿ ನಮ್ಮ ಪಾಲು

ಇನ್ನೂರೈವತ್ತು ವರ್ಷದ ಹಿಂದೆ ನೀವು ಯೂರೋಪಿನ ವ್ಯಾಪಾರಿಯಾಗಿ ಹಡಗು ಹತ್ತಿ ಚೀನಾಕ್ಕೆ ಖರೀದಿಗೆ ಹೋಗಿದ್ದರೆ, ಪಾಲಿಸಬೇಕಿದ್ದ ನಿಯಮಗಳು ಹೀಗಿದ್ದವು. ಇಡೀ ದೇಶದಲ್ಲಿ ನಿಮಗೆ ತೆರೆದಿರೋದು ಒಂದೇ ಬಂದರು, ಕ್ಯಾಂಟನ್. ಅಲ್ಲೂ ಊರ ಕೋಟೆಯೊಳಗೆ ಕಾಲಿಡುವಂತಿಲ್ಲ, ಹೊರಗೆ ನದಿ ದಂಡೆಯ ಬಾಡಿಗೆ ಕಟ್ಟಡದಲ್ಲೇ ಇರಬೇಕು. ಹೆಂಡತಿಯನ್ನ ಕರೆತರುವಂತಿಲ್ಲ. ಚೀನೀ ಭಾಷೆ ಕಲಿಯುವಂತಿಲ್ಲ, ಕಲಿಸಿದವನಿಗೂ ಶಿಕ್ಷೆ. ದೊಡ್ಡ ವ್ಯಾಪಾರ ಏನಿದ್ದರೂ ಸರ್ಕಾರ ಲೈಸೆನ್ಸ್ ಕೊಟ್ಟ ಕೆಲವೇ ಸೆಟ್ಟರ ಜೊತೆ. ಸೀಸನ್ ಮುಗೀತಾ, ಗಂಟುಮೂಟೆ ಕಟ್ಟಿಕೊಂಡು ಮಕಾವ್‌ಗೆ ಹೊರಡಿ.

1757ರಲ್ಲಿ ಚಿಯೆನ್‌ಲಾಂಗ್ ಚಕ್ರವರ್ತಿ ಬಿಗಿ ಮಾಡಿದ ಈ ಏರ್ಪಾಡು 1842ರವರೆಗೆ, ಅಂದರೆ 85 ವರ್ಷ ನಡೆಯಿತು. ಇಷ್ಟೆಲ್ಲ ಕಿರಿಕಿರಿ ಸಹಿಸಿಕೊಂಡೂ ಜನ ಬರುತ್ತಲೇ ಇದ್ದರು. ಚಹಾ, ರೇಷ್ಮೆ, ಪಿಂಗಾಣಿ ಮೂರೂ ಒಂದೇ ಕಡೆ ಸಿಗೋ ಜಾಗ ಬೇರೆ ಇರಲಿಲ್ಲ.

ಆ ಕ್ಯಾಂಟನ್ನೇ ಇವತ್ತಿನ ಗ್ವಾಂಗ್‌ಝೌ. ನಾನು ಹೋಗಿದ್ದು ಮೂರು ದಿನಕ್ಕೆ. ಬಟ್ಟೆ, ತಿಂಡಿ, ಬ್ಯಾಗು, ಇಷ್ಟೇ ನನ್ನ ಅಜೆಂಡಾ. ಆದರೆ ಈ ಊರಲ್ಲಿ ಮೂರಕ್ಕೂ ಹೋಗೋ ದಾರಿ ಆ ಹಳೇ ವ್ಯಾಪಾರದ ಜಾಗಗಳ ಮೇಲೇ ಹಾದುಹೋಗುತ್ತೆ. ಆ ವ್ಯಾಪಾರದ ಲೆಕ್ಕದಲ್ಲಿ ನಮ್ಮ ದೇಶದ ಪಾಲು ಎಷ್ಟಿತ್ತು ಅನ್ನೋದನ್ನ ನಮಗೆ ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ ಅಂತ ನನಗನ್ನಿಸಿತು.

ಮೊದಲು ಬಟ್ಟೆ. ಬಟ್ಟೆಯ ಹೋಲ್‌ಸೇಲ್ ಪೇಟೆಗಳಲ್ಲಿ ಹೆಸರುವಾಸಿಯಾದದ್ದು ಶಿಸಾನ್‌ಹಾಂಗ್. ಹಾಗಂದರೆ 'ಹದಿಮೂರು ಹಾಂಗ್‌ಗಳು', ಹದಿಮೂರು ವ್ಯಾಪಾರದ ಕೋಠಿಗಳು. ವಿದೇಶಿಯರನ್ನ ಕೂಡಿಹಾಕಿದ್ದ ಆ ನದಿ ದಂಡೆ ಇದೇ. ಹಳೇ ಕೋಠಿಗಳು 1856ರ ಬೆಂಕಿಯಲ್ಲಿ ಸುಟ್ಟುಹೋದವು, ಹೆಸರು ಉಳಿಯಿತು. ಈಗ ಅಲ್ಲಿ ನಮ್ಮ ಚಿಕ್ಕಪೇಟೆಯನ್ನ ಎತ್ತಿ ಬಹುಮಹಡಿ ಕಟ್ಟಡಗಳಲ್ಲಿ ತುಂಬಿದ ಹಾಗಿದೆ. ಬೆಳಗ್ಗೆ ಬೇಗನೇ ವ್ಯಾಪಾರ ಶುರು. ದೊಡ್ಡ ದೊಡ್ಡ ಪ್ಲಾಸ್ಟಿಕ್ ಚೀಲಗಳನ್ನ ತಳ್ಳುಗಾಡಿ ಮೇಲೆ ಪೇರಿಸಿಕೊಂಡು ಬರೋರಿಗೆ ದಾರಿ ಬಿಡೋದೇ ಒಂದು ಕೆಲಸ. ಭಾಷೆ ಬರದವರಿಗೆ ಕ್ಯಾಲ್ಕುಲೇಟರೇ ಗತಿ. ಅವರು ಒಂದು ಸಂಖ್ಯೆ ಒತ್ತುತ್ತಾರೆ, ನಾವು ಅಳಿಸಿ ಇನ್ನೊಂದು ಒತ್ತುತ್ತೇವೆ.

ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಈ ಕೆಲಸ ಮಾಡಿದ್ದು ಪಿಜಿನ್ ಅನ್ನೋ ಸಂತೆ ಭಾಷೆ. ಭಾಷೆ ಕಲಿಯೋದಕ್ಕೆ ಅಡ್ಡಿ ಇದ್ದದ್ದರಿಂದ ಇಂಗ್ಲಿಷ್, ಪೋರ್ಚುಗೀಸ್, ಕ್ಯಾಂಟನೀಸ್ ಎಲ್ಲ ಕಲಸಿಕೊಂಡು ಹುಟ್ಟಿದ್ದು. ನಮ್ಮ ಮಾತುಗಳೂ ಆ ಪೇಟೆಗೆ ಹೋಗಿ ಸೇರಿದ್ದವು. ಬೆಳ್ಳಿ ನಾಣ್ಯ ಅಸಲಿಯೋ ನಕಲಿಯೋ ಪರೀಕ್ಷೆ ಮಾಡೋನನ್ನ ಅಲ್ಲಿ 'ಶ್ರಾಫ್' ಅಂತಿದ್ದರು. ನಮ್ಮ ಸರಾಫನೇ ಅವನು. ಹಾಂಗ್‌ಕಾಂಗ್‌ನ ಪಾರ್ಕಿಂಗ್ ಕಟ್ಟಡಗಳಲ್ಲಿ ದುಡ್ಡು ಕಟ್ಟೋ ಕೌಂಟರಿಗೆ ಈಗಲೂ ಅದೇ ಹೆಸರಿದೆ.

ಇನ್ನು ತಿಂಡಿ. ಗ್ವಾಂಗ್‌ಝೌದಲ್ಲಿ ಬೆಳಗಿನ ತಿಂಡಿಗೆ ಹೋಗೋದನ್ನ 'ಯಮ್ ಚಾ' ಅಂತಾರೆ, ಅಂದರೆ ಚಹಾ ಕುಡಿಯೋದು. ಹಬೆಯಲ್ಲಿ ಬೇಯಿಸಿದ ಪುಟ್ಟ ಪುಟ್ಟ ತಿಂಡಿಗಳು ಬಿದಿರಿನ ಬುಟ್ಟಿಗಳಲ್ಲಿ ಬರ್ತಾನೇ ಇರುತ್ತವೆ. ಆದರೆ ಹೆಸರಿಗೆ ಮುಖ್ಯ ಚಹಾನೇ. ಚಾ ಅನ್ನೋ ಈ ಉಚ್ಚಾರವೇ ನಮ್ಮ ಚಹಾ. ಫೂಜಿಯನ್ ಕರಾವಳಿಯಲ್ಲಿ ಅದೇ ಅಕ್ಷರವನ್ನ 'ತೆ' ಅಂತ ಓದ್ತಾರೆ. ಡಚ್ಚರು ಅದನ್ನ ಯೂರೋಪಿಗೆ ಒಯ್ದು ಟೀ ಆಯ್ತು. ಧಾರವಾಡದವರ ಚಹಾ, ಬೆಂಗಳೂರಿನವರ ಟೀ, ಎರಡೂ ಒಂದೇ ಅಕ್ಷರದ ಎರಡು ಊರಿನ ಮಾತು.

ಯಾರಾದರೂ ನಿಮ್ಮ ಲೋಟಕ್ಕೆ ಚಹಾ ಸುರಿದರೆ ಎರಡು ಬೆರಳು ಮಡಚಿ ಮೇಜನ್ನ ಮೆಲ್ಲಗೆ ತಟ್ಟಬೇಕು. ಅದು ಧನ್ಯವಾದ. ಇದಕ್ಕೊಂದು ದಂತಕಥೆ ಇದೆ. ಮಾರುವೇಷದಲ್ಲಿ ತಿರುಗುತ್ತಿದ್ದ ಚಕ್ರವರ್ತಿ ತನ್ನ ಸೇವಕನಿಗೇ ಚಹಾ ಸುರಿದನಂತೆ. ಮಂಡಿಯೂರಿ ನಮಸ್ಕರಿಸಿದರೆ ಗುಟ್ಟು ರಟ್ಟಾಗುತ್ತೆ, ಹಾಗಾಗಿ ಸೇವಕ ಬೆರಳುಗಳನ್ನೇ ಮಂಡಿಯೂರಿಸಿದ. ಆ ಚಕ್ರವರ್ತಿ ಬೇರೆ ಯಾರೂ ಅಲ್ಲ, ವಿದೇಶಿಯರಿಗೆ ಊರ ಬಾಗಿಲು ಹಾಕಿದ ಚಿಯೆನ್‌ಲಾಂಗನೇ.

ಮೆನುವಿನಲ್ಲಿ ನನಗೆ ಗುರುತು ಸಿಕ್ಕಿದ ಇನ್ನೊಂದು ಪದ 'ಕಾಂಜಿ'. ಅಕ್ಕಿಯನ್ನ ಕರಗೋವರೆಗೂ ಬೇಯಿಸಿ ಮೀನು, ಶೇಂಗಾ ಹಾಕಿಕೊಡ್ತಾರೆ. ಸ್ಥಳೀಯರು ಅದನ್ನ 'ಜುಕ್' ಅನ್ನೋದು. ಇಂಗ್ಲಿಷ್‌ನವರ ಕಾಂಜಿ ತಮಿಳಿನ ಕಂಜಿಯಿಂದ, ನಮ್ಮ ಗಂಜಿಯ ಬಳಗದಿಂದ, ಪೋರ್ಚುಗೀಸರ ಬಾಯಿಗೆ ಬಿದ್ದು ಅಲ್ಲಿಗೆ ಹೋಗಿದ್ದು. ಜ್ವರ ಬಂದಾಗ ಮೂಗು ಮುರಿದುಕೊಂಡು ಕುಡಿಯೋದನ್ನ ಇಲ್ಲಿ ದುಡ್ಡು ಕೊಟ್ಟು, ಚಪ್ಪರಿಸಿಕೊಂಡು ತಿಂದೆ.

ಪದಗಳು ಹೀಗೆ ಊರೂರು ಸುತ್ತೋದು ಸರಕಿನ ಜೊತೆ. ಹಾಗಾದರೆ ನಮ್ಮ ಕಡೆಯಿಂದ ಹೋಗಿದ್ದು ಏನು?

ಬ್ರಿಟನ್ನಿಗೆ ಚಹಾದ ಚಟ ಹತ್ತಿತ್ತು. ಆದರೆ ಚೀನಾಕ್ಕೆ ಅವರಿಂದ ಬೇಕಾದದ್ದು ಏನೂ ಇರಲಿಲ್ಲ. ಗಡಿಯಾರ, ದೂರದರ್ಶಕ ಹೊತ್ತುಕೊಂಡು 1793ರಲ್ಲಿ ಬಂದ ಬ್ರಿಟಿಷ್ ರಾಯಭಾರಿಗೆ ಚಿಯೆನ್‌ಲಾಂಗ್ ಕೊಟ್ಟ ಉತ್ತರದ ಸಾರವೂ ಅದೇ: ನಮ್ಮಲ್ಲಿ ಎಲ್ಲ ಇದೆ. ಹಾಗಾಗಿ ಬೆಳ್ಳಿ ಸುರಿಯಬೇಕಾಗಿತ್ತು. ಅದನ್ನ ತಪ್ಪಿಸೋಕೆ ಈಸ್ಟ್ ಇಂಡಿಯಾ ಕಂಪನಿ ನೋಡಿದ್ದು ಭಾರತದ ಕಡೆ. ಮುಂಬೈಯಿಂದ ಹತ್ತಿ ಹೋಯಿತು. ಮೈಸೂರು ಸೀಮೆಯ ಕಾಡಿನ ಶ್ರೀಗಂಧ ಪಶ್ಚಿಮ ಕರಾವಳಿಯಿಂದ ಹಡಗು ಹತ್ತಿ ಚೀನಾದ ಧೂಪವಾಯಿತು. ಇವೂ ಸಾಲದಾದಾಗ ಲೆಕ್ಕ ಸರಿದೂಗಿಸಿದ್ದು ಅಫೀಮು.

ಕಂಪನಿಯ ಜಾಣತನ ನೋಡಿ. ಬಿಹಾರ, ಬನಾರಸ್ ಕಡೆಯ ರೈತರಿಗೆ ಮುಂಗಡ ಕೊಟ್ಟು ಗಸಗಸೆ ಬೆಳೆಸೋದು. ಪಾಟ್ನಾ, ಘಾಜಿಪುರದ ಕಾರ್ಖಾನೆಗಳಲ್ಲಿ ಉಂಡೆ ಕಟ್ಟಿಸೋದು. ಕಲ್ಕತ್ತಾದಲ್ಲಿ ಹರಾಜು ಹಾಕಿ ಕೈ ತೊಳೆದುಕೊಳ್ಳೋದು. ಚೀನಾದಲ್ಲಿ ಅಫೀಮಿಗೆ ನಿಷೇಧ ಇತ್ತು, ಹಾಗಾಗಿ ಸಾಗಿಸೋ ಕೆಲಸ ಖಾಸಗಿಯವರದ್ದು. ಅವರು ಪರ್ಲ್ ನದಿಯ ಬಾಯಲ್ಲಿ ಸರಕು ಇಳಿಸಿ, ಕಳ್ಳದೋಣಿಗಳಿಗೆ ಮಾರಿ, ಬಂದ ಬೆಳ್ಳಿಯನ್ನ ಕ್ಯಾಂಟನ್ನಿನ ಕಂಪನಿ ಖಜಾನೆಗೆ ಕಟ್ಟಿ ಲಂಡನ್ನಿನ ಹುಂಡಿ ಪಡೆಯೋರು. ಆ ಬೆಳ್ಳಿಯಲ್ಲಿ ಕಂಪನಿ ಚಹಾ ಕೊಳ್ಳುತ್ತಿತ್ತು. ಕಂಪನಿಯ ಹಡಗಿನಲ್ಲಿ ಹುಡುಕಿದರೆ ಅಫೀಮು ಸಿಗುತ್ತಿರಲಿಲ್ಲ.

ಆ ಖಾಸಗಿಯವರಲ್ಲಿ ಭಾರತೀಯರೂ ಇದ್ದರು. ಮಧ್ಯಭಾರತದ ಮಾಳ್ವಾ ಅಫೀಮು ಮುಂಬೈ ಕಡೆಯಿಂದ ಹೋಗುತ್ತಿತ್ತು, ಪಾರ್ಸಿ ವರ್ತಕರು ಅದರಲ್ಲಿ ಮುಂಚೂಣಿಯಲ್ಲಿದ್ದರು. ಜಮ್‌ಶೆಟ್‌ಜಿ ಜೀಜೀಭಾಯ್ ಹತ್ತಿ ಮತ್ತು ಅಫೀಮಿನಲ್ಲಿ ಗಳಿಸಿದ ಸಂಪತ್ತಿನಿಂದ ದೊಡ್ಡ ದಾನಿಯಾದರು. ಮುಂಬೈನ ಜೆ.ಜೆ. ಆಸ್ಪತ್ರೆ ಅವರ ಹೆಸರಿನದ್ದೇ. ಆಸ್ಪತ್ರೆಯಿಂದ ಅದೆಷ್ಟೋ ಜನ ಬದುಕಿದ್ದಾರೆ, ಅದನ್ನ ಕಟ್ಟಿದ ದುಡ್ಡಿನ ಸರಕಿನಿಂದ ಅದೆಷ್ಟೋ ಜನ ಹಾಳಾಗಿದ್ದಾರೆ. ಎರಡನ್ನೂ ಒಟ್ಟಿಗೇ ನೆನಪಿಟ್ಟುಕೊಳ್ಳಬೇಕು.

1839ರಲ್ಲಿ ಲಿನ್ ಝೆಶು ಅನ್ನೋ ಅಧಿಕಾರಿ ಕ್ಯಾಂಟನ್ನಿಗೆ ಬಂದು ಕೋಠಿಗಳನ್ನ ದಿಗ್ಬಂಧಿಸಿದ. 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮು ವಶಪಡಿಸಿಕೊಂಡು, ಹೂಮೆನ್‌ನಲ್ಲಿ ಗುಂಡಿ ತೋಡಿಸಿ ಉಪ್ಪು, ಸುಣ್ಣ, ನೀರಿನಲ್ಲಿ ಕರಗಿಸಿ ಸಮುದ್ರಕ್ಕೆ ಬಿಟ್ಟ. ಅದೇ ನೆಪದಲ್ಲಿ ಬ್ರಿಟನ್ ಯುದ್ಧಕ್ಕೆ ಬಂತು.

ಕೊನೆಗೆ ಬ್ಯಾಗು. ಚರ್ಮದ ಬ್ಯಾಗಿನ ಹೋಲ್‌ಸೇಲ್‌ಗೆ ಹೋಗಬೇಕಾದ್ದು ಸಾನ್‌ಯುವಾನ್‌ಲಿ ಕಡೆಗೆ. ಮೆಟ್ರೋ ಎರಡನೇ ಲೈನ್, ಅದೇ ಹೆಸರಿನ ಸ್ಟೇಷನ್. ಬೇರೆ ಬೇರೆ ದೇಶದ ವ್ಯಾಪಾರಿಗಳು ಕಾಣಸಿಗ್ತಾರೆ, ಆಫ್ರಿಕಾದವರಂತೂ ಬಹಳ. 1841ರ ಮೇ ಕೊನೆಯಲ್ಲಿ ಇದು ಹೊಲಗದ್ದೆಗಳ ಹಳ್ಳಿ. ಬ್ರಿಟಿಷ್ ಪಡೆ ಕ್ಯಾಂಟನ್ನನ್ನ ಮುತ್ತಿ, 60 ಲಕ್ಷ ಡಾಲರ್ ಕಪ್ಪಕ್ಕೆ ಒಪ್ಪಿಸಿತ್ತು. ಸೈನಿಕರ ಹಾವಳಿಗೆ ರೋಸಿಹೋದ ಸುತ್ತಲಿನ ಹಳ್ಳಿಗರು ಸಾವಿರಾರು ಸಂಖ್ಯೆಯಲ್ಲಿ ಭರ್ಜಿ, ಗುದ್ದಲಿ ಹಿಡಿದು ಸೇರಿದರು. ಅಷ್ಟರಲ್ಲಿ ಗುಡುಗು, ಧೋ ಅಂತ ಮಳೆ. ಒಂದು ತುಕಡಿ ದಾರಿ ತಪ್ಪಿ ಕೆಸರುಗದ್ದೆಯಲ್ಲಿ ಸಿಕ್ಕಿಕೊಂಡಿತು. ಮದ್ದು ನೆನೆದು ಬಂದೂಕು ಹಾರಲಿಲ್ಲ. ಆ ತುಕಡಿ 37ನೇ ಮದ್ರಾಸ್ ನೇಟಿವ್ ಇನ್‌ಫೆಂಟ್ರಿಯದು. ಗದ್ದೆಯಲ್ಲಿ ನಿಂತಿದ್ದ ಸಿಪಾಯಿಗಳು ದಕ್ಷಿಣ ಭಾರತದವರು.

ಚೀನಾದಲ್ಲಿ ಸಾನ್‌ಯುವಾನ್‌ಲಿ ದೊಡ್ಡ ಹೆಸರು, ವಿದೇಶಿಯರ ವಿರುದ್ಧ ಸಾಮಾನ್ಯ ಜನ ಎದ್ದು ನಿಂತ ಜಾಗ. ಅವರು ಸೇರಿದ್ದ ಹಳೇ ದೇಗುಲ ಈಗ ಮ್ಯೂಸಿಯಂ. ನಮ್ಮ ಶಾಲಾ ಪುಸ್ತಕದಲ್ಲಿ ಅಫೀಮು ಯುದ್ಧ ಅಂದರೆ ಇಂಗ್ಲೆಂಡು ಮತ್ತು ಚೀನಾ, ಅಷ್ಟೇ. ನಾವು ಅದರಲ್ಲಿ ಇರಲೇ ಇಲ್ಲ ಅನ್ನೋ ಹಾಗೆ.

ಹಾಗಂತ ಎಲ್ಲ ಭಾರತೀಯರನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕಾಗಲ್ಲ. ಬಿಹಾರದ ರೈತ ಮುಂಗಡದ ಕುಣಿಕೆಗೆ ಸಿಕ್ಕಿ ಬೆಳೆದ. ಮದ್ರಾಸಿನ ಸಿಪಾಯಿ ಸಂಬಳಕ್ಕಾಗಿ ಸಮುದ್ರ ದಾಟಿದ. ಮುಂಬೈನ ಸಾಹುಕಾರ ಲಾಭ ನೋಡಿಕೊಂಡೇ ಕೈ ಹಾಕಿದ. ಮೂವರನ್ನೂ ಆಡಿಸಿದ್ದು ಕಂಪನಿ ನಿಜ, ಆದರೆ 'ಒಲ್ಲೆ' ಅನ್ನೋ ಅನುಕೂಲ ಇದ್ದವನು ಮೂರನೆಯವನು ಮಾತ್ರ. ಬ್ರಿಟಿಷರು ನಮ್ಮನ್ನ ಲೂಟಿ ಮಾಡಿದರು ಅಂತ ಹೇಳೋವಾಗ, ನಮ್ಮ ನೆಲ, ನಮ್ಮ ಜನ, ನಮ್ಮವರ ಬಂಡವಾಳ ಎಲ್ಲ ಇನ್ನೊಂದು ಊರಿನ ಲೂಟಿಗೂ ಬಳಕೆಯಾಯಿತು ಅನ್ನೋದನ್ನ ಅದೇ ಉಸಿರಲ್ಲಿ ಹೇಳೋದು ನ್ಯಾಯ.

ಗ್ವಾಂಗ್‌ಝೌಗೆ ಹೋದರೆ ಬ್ಯಾಗು ಚೌಕಾಸಿ ಮಾಡಿ ತಗೊಳ್ಳಿ, ಗಂಜಿಯನ್ನಂತೂ ಬಿಡಲೇಬೇಡಿ. ಸಾನ್‌ಯುವಾನ್‌ಲಿಯಲ್ಲಿ ವ್ಯಾಪಾರ ಮುಗಿದ ಮೇಲೆ ಒಂದು ಗಂಟೆ ಉಳಿಸಿಕೊಂಡು ಆ ದೇಗುಲಕ್ಕೂ ಹೋಗಿ ಬನ್ನಿ. ಹಳ್ಳಿಗರ ಎದುರು ಆ ಮಳೆಯಲ್ಲಿ ನಿಂತಿದ್ದವರು ಯಾರು ಅನ್ನೋದು ನಿಮಗೆ ಗೊತ್ತಿರಲಿ.