ಒಂದು ದಿನದ ಕಾಗದ, ನೂರು ವರ್ಷದ ಸಾಕ್ಷಿ

ಮೌಲಾನಾ ಅಬುಲ್ ಕಲಾಂ ಆಝಾದರು 1912ರಲ್ಲಿ ಕಲ್ಕತ್ತಾದಿಂದ ‘ಅಲ್-ಹಿಲಾಲ್’ ಪತ್ರಿಕೆ ಆರಂಭಿಸಿದರು. ಬ್ರಿಟಿಷ್ ಸರಕಾರ ಪ್ರೆಸ್ ಕಾಯ್ದೆಯಡಿ ಅದರ ಠೇವಣಿ ಮುಟ್ಟುಗೋಲು ಹಾಕಿಕೊಂಡಿತು. 1914ರಲ್ಲಿ ಪತ್ರಿಕೆ ನಿಂತಿತು. ಇಂದು ನಾವು ಅದನ್ನು ಓದಬಹುದಾದರೆ, ಯಾರೋ ಅದರ ಸಂಚಿಕೆಗಳನ್ನು ಜೋಪಾನ ಮಾಡಿದ್ದೇ ಕಾರಣ.

ಪತ್ರಿಕೆಯನ್ನು ಜೋಪಾನ ಮಾಡುವುದು ಸುಲಭವಲ್ಲ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಆಮ್ಲವಿರುತ್ತದೆ. ಕೆಲವೇ ದಶಕಗಳಲ್ಲಿ ಅದು ಹಳದಿಯಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ಜಗತ್ತಿನ ಎಲ್ಲ ಪತ್ರಿಕೆಗಳನ್ನು ತರಿಸಿ ಇಡುವಷ್ಟು ಹಣವಾಗಲಿ ಜಾಗವಾಗಲಿ ಒಂದೇ ಗ್ರಂಥಾಲಯಕ್ಕೆ ಇರುವುದಿಲ್ಲ.

ಇದಕ್ಕೆ ಕಂಡುಕೊಂಡ ಪರಿಹಾರ ಸಹಕಾರ. 1949ರಲ್ಲಿ ಅಮೆರಿಕದ ಹತ್ತು ವಿಶ್ವವಿದ್ಯಾಲಯಗಳು ಸೇರಿ ಶಿಕಾಗೋದಲ್ಲಿ ಒಂದು ಸಾಮೂಹಿಕ ಗ್ರಂಥಾಲಯ ಸ್ಥಾಪಿಸಿದವು. ಇಂದು ಅದರ ಹೆಸರು ಸೆಂಟರ್ ಫಾರ್ ರಿಸರ್ಚ್ ಲೈಬ್ರರೀಸ್. 1956ರಲ್ಲಿ ಅಲ್ಲಿ ವಿದೇಶಿ ಪತ್ರಿಕೆಗಳ ಮೈಕ್ರೋಫಿಲ್ಮ್ ಯೋಜನೆ ಶುರುವಾಯಿತು. ಗ್ರಂಥಾಲಯಗಳು ವಂತಿಗೆ ಹಾಕಿದವು. ಪತ್ರಿಕೆಯ ಪುಟಗಳನ್ನು ಸಣ್ಣ ಫಿಲ್ಮ್ ಸುರುಳಿಗೆ ಇಳಿಸಲಾಯಿತು. ಬೇಕಾದವರಿಗೆ ಸುರುಳಿಯನ್ನು ಎರವಲು ಕೊಡಲಾಯಿತು. ಒಬ್ಬರು ಕಾದಿಟ್ಟದ್ದು ಎಲ್ಲರಿಗೂ ಒದಗಿತು.

ಈ ಕೆಲಸಕ್ಕೆ ನಮ್ಮ ದೇಶದ ನಂಟೂ ಇದೆ. 1954ರ ಪಿ.ಎಲ್. 480 ಕಾನೂನಿನಡಿ ಅಮೆರಿಕದಿಂದ ಬಂದ ಗೋಧಿಯನ್ನು ಹಿರಿಯರು ಮರೆತಿರಲಾರರು. ಅದರ ಬೆಲೆಯನ್ನು ಭಾರತ ರೂಪಾಯಿಯಲ್ಲೇ ಕೊಡುತ್ತಿತ್ತು. ಆ ರೂಪಾಯಿಯ ಒಂದು ಭಾಗದಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು, ಭಾರತೀಯ ಭಾಷೆಗಳ ಪುಸ್ತಕ, ಪತ್ರಿಕೆಗಳನ್ನು ಕೊಂಡು ಅಲ್ಲಿನ ಗ್ರಂಥಾಲಯಗಳಿಗೆ ಕಳುಹಿಸತೊಡಗಿತು. 1967ರಲ್ಲಿ ದಕ್ಷಿಣ ಏಷ್ಯಾದ ಮುದ್ರಿತ ಸಾಹಿತ್ಯವನ್ನು ಫಿಲ್ಮಿಗೆ ಇಳಿಸಲೆಂದೇ ಗ್ರಂಥಾಲಯಗಳ ಪ್ರತ್ಯೇಕ ಒಕ್ಕೂಟ ಶಿಕಾಗೋದಲ್ಲಿ ಹುಟ್ಟಿತು. ಹೀಗೆ ಸಂರಕ್ಷಿಸಿದ ಸಾಮಗ್ರಿಯಲ್ಲಿ ಒಂದಷ್ಟು ಈಗ ಸೌತ್ ಏಷ್ಯಾ ಓಪನ್ ಆರ್ಕೈವ್ಸ್ ಮೂಲಕ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ.

ನಮ್ಮ ನಾಡಿನ ಕಾಗದವನ್ನು ಸಾಗರದಾಚೆಯವರು ಕಾದರೆಂಬುದು ಸಂತೋಷದ ಸಂಗತಿ. ಯೋಚಿಸಬೇಕಾದ ಸಂಗತಿಯೂ ಹೌದು. ಅವರ ಕಣ್ಣಿಗೆ ಬಿದ್ದದ್ದು ಉಳಿಯಿತು. ಬೀಳದ್ದರ ಗತಿಯೇನು? ಒಂದೆರಡು ವರ್ಷ ನಡೆದು ನಿಂತ ಜಿಲ್ಲಾ ವಾರಪತ್ರಿಕೆ, ಜಮಾಅತಿನ ಮಾಸಿಕ, ಮದ್ರಸದ ವಾರ್ಷಿಕ ಸಂಚಿಕೆ: ಇವುಗಳಲ್ಲಿ ಶಾಲೆ ಕಟ್ಟಿದವರ ಹೆಸರಿದೆ, ಬರಗಾಲದಲ್ಲಿ ಅನ್ನ ಹಾಕಿದವರ ಲೆಕ್ಕವಿದೆ, ಊರಿನ ಜಗಳವೂ ರಾಜಿಯೂ ಇದೆ. ನಾಳೆ ಯಾರಾದರೂ ನಮ್ಮ ಬಗ್ಗೆ ತಪ್ಪು ಬರೆದರೆ, ಅಲ್ಲವೆಂದು ತೋರಿಸಲು ಬೇಕಾಗುವ ಸಾಕ್ಷಿ ಇದೇ. ಅದು ಇಂದು ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಗುತ್ತಿದೆ.

ಆದ್ದರಿಂದ ಅಟ್ಟದ ಮೇಲಿನ ಹಳೆಯ ಕಟ್ಟನ್ನು ಮಾರುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಪತ್ರಿಕೆಯ ಹೆಸರು, ತಾರೀಕು ಬರೆದಿಡಿ. ಬಿಸಿಲು, ತೇವ ತಾಗದಂತೆ ಇಡಿ. ಪುಟಗಳ ಸ್ಪಷ್ಟ ಫೋಟೋ ತೆಗೆದು ಒಂದಕ್ಕಿಂತ ಹೆಚ್ಚು ಕಡೆ ಉಳಿಸಿ. ಮೂಲ ಪ್ರತಿಯನ್ನು ಸಮೀಪದ ಕಾಲೇಜು ಅಥವಾ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡಬಹುದೇ ಎಂದು ವಿಚಾರಿಸಿ. ಪಕ್ಕದ ಜಮಾಅತಿನಲ್ಲಿ ಇಲ್ಲದ ಸಂಚಿಕೆ ನಿಮ್ಮಲ್ಲಿರಬಹುದು, ನಿಮ್ಮಲ್ಲಿಲ್ಲದ್ದು ಅವರಲ್ಲಿರಬಹುದು. ಹತ್ತು ವಿಶ್ವವಿದ್ಯಾಲಯಗಳು ಮಾಡಿದ್ದೂ ಇಷ್ಟೇ: ಇದ್ದುದನ್ನು ಒಟ್ಟಿಗೆ ಕಾದರು, ಹಂಚಿಕೊಂಡು ಓದಿದರು.