ಮಡಿಯೂ ಅಂಕಿತವೂ

ನವಲಗುಂದ ತಾಲೂಕಿನ ತಿರ್ಲಾಪುರ ನನ್ನ ಬಾಲ್ಯದ ಊರು. ನಮ್ಮ ಅಜ್ಜಿ ಕಟ್ಟಾ ಮಡಿಯವರು. ಅವರು ಕೆರೆಯ ನೀರು ಹೊತ್ತು ಬರುವಾಗ ಮಕ್ಕಳು ನಾವು ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕಾಗಿತ್ತು. ಆದರೆ ಅಮಾವಾಸ್ಯೆಯ ರಾತ್ರಿ ಭಜನೆಯವರು ಏಕತಾರಿ, ದಮ್ಮಡಿ ಹಿಡಿದು ಶರೀಫ ಸಾಹೇಬರ ಪದಕ್ಕೆ ತೊಡಗಿದರೆ, ಅದೇ ಅಜ್ಜಿ ಹೊಸ್ತಿಲ ಒಳಗೆ ನಿಂತು ತುಟಿಯಾಡಿಸುತ್ತಿದ್ದರು. “ಅಜ್ಜೀ, ಅವರು ಸಾಬರಲ್ಲೇನು?” ಎಂದು ಒಮ್ಮೆ ಕೇಳಿದೆ. “ಪದಕ್ಕ ಎಲ್ಲೀ ಮೈಲಿಗಿಯೋ, ಸುಮ್ಮನ ಕೇಳು” ಎಂದರು.

ಭಕ್ತಿಯ ಶುದ್ಧಿಯೆಂಬ ಮಾತು ಬಂದಾಗಲೆಲ್ಲ ನನಗೆ ಆ ಹೊಸ್ತಿಲು ನೆನಪಾಗುತ್ತದೆ. ಪ್ರಶ್ನೆಯೇನೋ ಹಳೆಯದು. ಹನ್ನೆರಡನೆಯ ಶತಮಾನದ ಶರಣರು ಅಂತರಂಗದ ಶುದ್ಧಿಯನ್ನು ಬೇಡಿದರು; ದಾಸರು ಬರಿಯ ಬಟ್ಟೆಯ ಮಡಿಯನ್ನು ಗೇಲಿ ಮಾಡಿದರು. ನಮ್ಮ ಸೀಮೆಯಲ್ಲಿ ಕಳೆದ ಶತಮಾನಕ್ಕೂ ಹಿಂದಿನ ಶತಮಾನದಲ್ಲಿ ಅದು ಇಬ್ಬರು ಮನುಷ್ಯರ ನಡುವಿನ ಬಾಳುವೆಯೇ ಆಯಿತು.

ಶರೀಫರು ಶಿಶುವಿನಹಾಳದಲ್ಲಿ 1819ರಲ್ಲಿ ಜನಿಸಿ 1889ರಲ್ಲಿ ತೀರಿಕೊಂಡರು. 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ ಆ ಊರು ಈಗ ಹಾವೇರಿ ಜಿಲ್ಲೆಯದು. ಕೆಲಕಾಲ ಶಾಲೆಯ ಮಾಸ್ತರಿಕೆ ಮಾಡಿದ ಈ ಮುಸಲ್ಮಾನ ತರುಣನನ್ನು ಶಿಷ್ಯನೆಂದು ಒಪ್ಪಿಕೊಂಡವರು ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರು, ಬ್ರಾಹ್ಮಣರು. ಇಬ್ಬರೂ ತಮ್ಮ ತಮ್ಮ ಜನರ ನಿಂದೆಗೆ ಗುರಿಯಾದರೆಂದು ಜನಪದರ ನೆನಪು ಹೇಳುತ್ತದೆ.

ಗುರು ಶಿಷ್ಯನಿಗೆ ಜನಿವಾರ ತೊಡಿಸಿದ ಕಥೆಯೇ ಎಲ್ಲರ ಬಾಯಲ್ಲಿದೆ. ಕಥೆ ಚೆಲುವಾದದ್ದು. ಆದರೂ ನನಗೆ ಅದಕ್ಕಿಂತ ಮಿಗಿಲಾಗಿ ತೋರುವುದು ಪದಗಳ ಕೊನೆಯ ಅಂಕಿತ. ಜನಿವಾರವು ಶಿಷ್ಯನನ್ನು ಗುರುವಿನಂತೆ ಮಾಡುತ್ತದೆ. ಅಂಕಿತವು ಹಾಗೆ ಮಾಡುವುದಿಲ್ಲ. ಶರೀಫರ ಅಂಕಿತ ‘ಶಿಶುನಾಳಧೀಶ’, ಎಂದರೆ ಅವರ ಊರಿನ ಬಸವಣ್ಣ. ಪದದಲ್ಲಿ ಗುರು ಗೋವಿಂದನ ಸ್ಮರಣೆ, ಮುಗಿತಾಯದಲ್ಲಿ ಬಸವಣ್ಣ. ಮೊಹರಂ ಬಂದರೆ ಅಲಾವಿಯ ಮುಂದೆ ಹೆಜ್ಜೆ ಹಾಕುವವರಿಗೆ ಅವರದೇ ರಿವಾಯತಗಳು. ಹೆಸರು ಮಾತ್ರ ಶರೀಫ ಎಂದೇ ಉಳಿಯಿತು.

ಒಂದನ್ನು ತೊಳೆದು ಮತ್ತೊಂದನ್ನು ಉಡುವುದು ಒಂದು ಬಗೆಯ ಮಡಿ. ಅದು ಸುಲಭವೆಂದು ನಾನು ಹೇಳಲಾರೆ. ಶರೀಫರು ಏನನ್ನೂ ಕಳಚಲಿಲ್ಲ. ಅವರ ತತ್ವಪದಗಳಲ್ಲಿ ತೊಳೆಯಬೇಕಾದ ಕೊಳೆಯೆಂದರೆ ‘ನಾನು’ ಎಂಬುದೊಂದೇ. ಶಿಶುವಿನಹಾಳದ ಗದ್ದುಗೆಗೆ ಇಂದಿಗೂ ಹಿಂದೂ ಮುಸಲ್ಮಾನರಿಬ್ಬರೂ ತಮ್ಮ ತಮ್ಮ ರೀತಿಯಲ್ಲೇ ನಡೆದುಕೊಳ್ಳುತ್ತಾರೆ.

ಮರುದಿನ ಬೆಳಗ್ಗೆ ಅಜ್ಜಿ ಮತ್ತೆ ಮಡಿಯುಟ್ಟು ನೀರಿಗೆ ಹೊರಡುತ್ತಿದ್ದರು. ನಾವು ಮತ್ತೆ ಗೋಡೆಗೆ ಒತ್ತಿಕೊಳ್ಳುತ್ತಿದ್ದೆವು. ಕೊಡ ಹೊತ್ತು ನಮ್ಮನ್ನು ದಾಟಿ ಹೋಗುವಾಗ ಅವರು ಗುನುಗುತ್ತಿದ್ದುದು ರಾತ್ರಿಯ ಪದವನ್ನೇ.